ಅಪ್‌ಡೇಟ್: ಅಲಸಂದೆಗೆ ರೈಜೋಬಿಯಂ ಹಚ್ಚಿ ನೋಡಿದೆ

ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂದೆ ಹಳದಿಯಾಗುತ್ತೆ, ಬೀಜಕ್ಕೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚಿದರೆ ಪ್ರಯೋಜನ ಇದೆಯಾ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೇ ಮಾಡಿದೆ. ನಮ್ಮ ಕೊಡಗಿನ ಮಣ್ಣು ಹುಳಿ ಅಲ್ವಾ, ಮೊದಲು ಗದ್ದೆಗೆಲ್ಲ ಸುಣ್ಣ ಹಾಕಿದೆ. ಆಮೇಲೆ ಆರಿದ ಬೆಲ್ಲದ ನೀರಲ್ಲಿ ರೈಜೋಬಿಯಂ ಪುಡಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿದೆ. ಹೋಲಿಸೋಕೆ ಅಂತ ಒಂದು ಸಾಲಿಗೆ ಹಚ್ಚಲಿಲ್ಲ.

ಹೂ ಬಿಡುವಾಗ ಎರಡೂ ಕಡೆ ಗಿಡ ಅಗೆದು ನೋಡಿದೆ. ಹಚ್ಚಿದ್ದರ ತಾಯಿಬೇರಲ್ಲಿ ದಪ್ಪ ಗಂಟುಗಳು. ಉಗುರಲ್ಲಿ ಸೀಳಿದರೆ ಒಳಗೆ ಕೆಂಪಗೆ, ಅಂದರೆ ಸಾರಜನಕ ಹಿಡಿಯುವ ಕೆಲಸ ನಡೀತಿದೆ. ಹಚ್ಚದ ಸಾಲಲ್ಲೂ ಗಂಟು ಇತ್ತು, ಆದರೆ ಸಣ್ಣದು, ಒಳಗೆ ಬೆಳ್ಳಗೆ. ಯೂರಿಯಾ ಹಾಕಲಿಲ್ಲ, ಜಾಸ್ತಿ ಆದರೆ ಗಂಟು ಕಟ್ಟೋದೇ ಕಡಿಮೆಯಾಗುತ್ತೆ. ಎಲೆಯೆಲ್ಲ ಈಗ ಹಸಿರು. ಇನ್ನು ಕಾಡುಹಂದಿ ಬರದಿದ್ದರೆ ಸಾಕು!