ಸಭೆಗಳು ಕದಲುವ ಕಾಲ ಬಂದಿದೆ ಎಂಬ ಪ್ರವಾದನೆಯನ್ನು ಹೇಗೆ ಪರಿಶೋಧಿಸಬೇಕು?

ಪ್ರಶ್ನೆ (ಹುಬ್ಬಳ್ಳಿಯಿಂದ):

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಕಳೆದ ತಿಂಗಳು ಇಲ್ಲಿ ನಡೆದ ಮೂರು ದಿನಗಳ ಉಪವಾಸ ಪ್ರಾರ್ಥನೆಗೆ ಪರಸ್ಥಳದಿಂದ ಬಂದಿದ್ದ ಪ್ರಸಂಗಿಯೊಬ್ಬರು, ಬರುವ ಕ್ರಿಸ್ಮಸ್ ಕಳೆಯುವುದರೊಳಗೆ ಕರ್ತನು ಹಳೆಯ ಸಭೆಗಳನ್ನು, ಅಂದರೆ ಚರ್ಚುಗಳನ್ನು, ಬುಡಸಮೇತ ಕದಲಿಸುವನೆಂದೂ, ಅವುಗಳನ್ನು ಬಿಟ್ಟು ಹೊರಬಂದವರ ಮೇಲೆ ಮಾತ್ರ ಉಜ್ಜೀವನದ, ಅಂದರೆ ಆತ್ಮಿಕ ಹೊಸ ಚೈತನ್ಯದ, ಮಳೆ ಸುರಿಯುವುದೆಂದೂ ಪ್ರವಾದಿಸಿದರು. ಅಂದಿನಿಂದ ನನ್ನ ತಮ್ಮ ನಮ್ಮ ಸಭೆಗೆ ಬರುತ್ತಿಲ್ಲ. ಅಲ್ಲಿಯೇ ದೀಕ್ಷಾಸ್ನಾನ ಹೊಂದಿ, ಅಲ್ಲಿಯೇ ಮದುವೆಯಾದ ನಮ್ಮ ಅವ್ವ ಪ್ರತಿ ಭಾನುವಾರ ಅವನು ಕೂರುತ್ತಿದ್ದ ಜಾಗವನ್ನು ನೋಡಿ ಕಣ್ಣೀರು ಹಾಕುತ್ತಾಳೆ. ಪ್ರವಾದನೆಯನ್ನು ಹೀನೈಸುವ ಧೈರ್ಯ ನನಗಿಲ್ಲ; ನಮ್ಮ ಸಭೆ ತಣ್ಣಗಾಗಿದೆ ಎಂಬುದೂ ಸುಳ್ಳಲ್ಲ. ತಮ್ಮನಿಗೆ ನಾನು ಏನೆಂದು ಹೇಳಲಿ?

ಉತ್ತರ (ಧಾರವಾಡದಿಂದ):

ಸಹೋದರರೇ, ಪ್ರವಾದನೆಗಳನ್ನು ಹೀನೈಸಬಾರದೆಂದು ಥೆಸಲೋನಿಕದ ಸಭೆಯವರಿಗೆ ಬರೆದ ಅಪೊಸ್ತಲ ಪೌಲನೇ ಅದರ ಬೆನ್ನಿಗೆ ಎಲ್ಲವನ್ನೂ ಪರಿಶೋಧಿಸಬೇಕೆಂದೂ ಬರೆದಿದ್ದಾನೆ. ಕೊರಿಂಥದ ಸಭೆಯಲ್ಲಿಯೂ ಇಬ್ಬರು ಮೂವರು ಪ್ರವಾದಿಸಿದರೆ ಉಳಿದವರು ವಿವೇಚಿಸಬೇಕಾಗಿತ್ತು. ಪ್ರಸಂಗಿ ಹೇಳಿ ಹೊರಟುಹೋದ ಮೇಲೆ ಆ ಮಾತನ್ನು ತೂಗಿ ನೋಡುವವರು ಯಾರೂ ಇಲ್ಲದಿದ್ದರೆ ಆ ಕೂಟವೇ ಅಪೂರ್ಣ.

ದಯವಿಟ್ಟು ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 28ನೆಯ ಅಧ್ಯಾಯವನ್ನು ಓದಿರಿ. ಬಾಬೆಲಿನ ನೊಗ, ಅಂದರೆ ಬಾಬೆಲಿನ ಅರಸನ ದಬ್ಬಾಳಿಕೆ, ಎರಡು ವರ್ಷಗಳೊಳಗೆ ಮುರಿಯುವುದೆಂದು ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಗಡುವು ಹಾಕಿ ನುಡಿದಾಗ, ಯೆರೆಮೀಯನು ಅವನ ಮೇಲೆ ಹರಿಹಾಯಲಿಲ್ಲ. ಆಮೆನ್, ಕರ್ತನು ಹಾಗೆಯೇ ಮಾಡಲಿ ಎಂದನು, ಆದರೆ ಮಾತು ನೆರವೇರಿದಾಗಲೇ ಪ್ರವಾದಿಯ ಗುರುತು ತಿಳಿಯುವುದೆಂದು ಎಚ್ಚರಿಸಿದನು. ನಿಮ್ಮ ತಮ್ಮನೊಂದಿಗೂ ಈ ತಾಳ್ಮೆ ಇರಲಿ. ಇನ್ನೊಂದು ಮಾತು: ನ್ಯಾಯತೀರ್ಪು ದೇವರ ಮನೆಯಲ್ಲಿಯೇ ಆರಂಭವಾಗುವುದೆಂದು ಪೇತ್ರನು ಬರೆದಾಗ, ಯಾರನ್ನೂ ಮನೆ ಬಿಟ್ಟು ಓಡಿರೆಂದು ಹೇಳಲಿಲ್ಲ.

ಉತ್ತರ (ಗದಗ-ಬೆಟಗೇರಿಯಿಂದ):

ನಮ್ಮ ಸೀಮೆಗೆ ಇದು ಹೊಸದಲ್ಲ. 1837ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದ ಕೆಲವೇ ವರ್ಷಗಳಲ್ಲಿ, ಕಾಲಜ್ಞಾನದ ನುಡಿಗಳನ್ನು ನಂಬಿ ಹೊಸ ಯುಗಕ್ಕಾಗಿ ಕಾಯುತ್ತಿದ್ದ ಒಂದು ಪಂಗಡದವರು ಆ ಬೋಧಕರಲ್ಲಿಯೇ ತಮ್ಮ ನುಡಿ ನೆರವೇರಿತೆಂದು ಭಾವಿಸಿ ಹತ್ತಿರ ಬಂದರು. ಅವರು ಹಿಂಡುಹಿಂಡಾಗಿ ಸೇರುವರೆಂಬ ನಿರೀಕ್ಷೆಯಿಂದ ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಒಂದು ವಸಾಹತನ್ನೇ ಆರಂಭಿಸಲಾಯಿತು. ನಿರೀಕ್ಷಿಸಿದ ಜನ ಬರಲಿಲ್ಲ, ವಸಾಹತು ನಿಲ್ಲಲಿಲ್ಲ. ಬೆಟಗೇರಿಯಲ್ಲಿ ಮಿಷನ್ನಿನ ಕೆಲಸ ಮಾತ್ರ ಉಳಿಯಿತು. ಜನರು ಇಂದಿಗೂ ಜರ್ಮನ್ ಆಸ್ಪತ್ರೆ ಎನ್ನುವ ಆಸ್ಪತ್ರೆ ಅದೇ ಬೇರಿನಿಂದ ಬಂದದ್ದು. ಆ ಜನರ ಹಂಬಲವನ್ನು ನಾನು ಹಗುರಾಗಿ ಕಾಣಲಾರೆ. ಅವರು ನಿಜವಾಗಿಯೂ ಹಸಿದಿದ್ದರು, ನಿಮ್ಮ ತಮ್ಮನ ಹಾಗೆ.

ಉತ್ತರ (ಹಾವೇರಿಯಿಂದ):

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಪರಿಶೋಧನೆಯ ಹೆಸರಿನಲ್ಲಿ ಬೆಂಕಿಯನ್ನೇ ನಂದಿಸಬಾರದೆಂದು ನನ್ನ ವಿನಂತಿ. ನಮ್ಮ ಕರಾವಳಿ ಸೀಮೆಯಲ್ಲಿಯೇ ಹುಟ್ಟಿದ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರು ಪುಣೆಯ ಬಳಿಯ ಕೇಡಗಾಂವಿನ ತಮ್ಮ ಆಶ್ರಮವಾದ ಮುಕ್ತಿ ಮಿಷನ್ನಿನಲ್ಲಿ 1905ರಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಉಜ್ಜೀವನಕ್ಕಾಗಿ ಪ್ರಾರ್ಥಿಸಿದರು. ಆ ವರ್ಷದ ಜೂನ್ ತಿಂಗಳಲ್ಲಿ ಅಲ್ಲಿ ಉಜ್ಜೀವನ ಮೊದಲಾದಾಗ ಕಂಡದ್ದು ಅಳುತ್ತಾ ತಮ್ಮ ಪಾಪಗಳನ್ನು ಅರಿಕೆ ಮಾಡುವ ಹುಡುಗಿಯರನ್ನು. ನೆರೆಯ ಸಭೆ ಬೀಳುವುದೆಂದು ಕಾಯುವ ಮನಸ್ಸಿಗೂ ಆ ಕಣ್ಣೀರಿಗೂ ಬಹಳ ದೂರ. ನಿಮ್ಮ ಸಭೆ ತಣ್ಣಗಾಗಿದೆ ಎಂದು ನೀವೇ ಬರೆದಿದ್ದೀರಿ. ಅದನ್ನು ತಮ್ಮನ ಮುಂದೆ ಒಪ್ಪಿಕೊಂಡಿದ್ದೀರಾ?

ಪ್ರಶ್ನೆ ಕೇಳಿದವರು:

ಇಲ್ಲ, ಸಹೋದರಿ. ಅವನೊಂದಿಗೆ ವಾದ ಮಾಡಿದ್ದೇನೆಯೇ ಹೊರತು ಅದನ್ನು ಒಮ್ಮೆಯೂ ಒಪ್ಪಿಕೊಂಡಿಲ್ಲ. ಶನಿವಾರ ರಾತ್ರಿ ಅವನ ಮನೆಗೆ ಹೋಗುತ್ತೇನೆ. ಮೊದಲು ಅದನ್ನು ಹೇಳಿ, ಆಮೇಲೆ ಯೆರೆಮೀಯನನ್ನು ತೆರೆಯುತ್ತೇನೆ. ಅವ್ವನೂ ಬರುತ್ತೇನೆ ಎಂದಿದ್ದಾಳೆ.