ಪದಚರ್ಚೆ: ‘ಬಾರ್ಮಿ’ ಅಂದರೆ ದಡ್ಡ ಅಲ್ಲ

> ಒಂದು ಕ್ರಿಕೆಟ್ ಲೇಖನ ಅನುವಾದ ಮಾಡುತ್ತಿದ್ದೇನೆ. ಅದರಲ್ಲಿ ‘ಬಾರ್ಮಿ ಆರ್ಮಿ’ ಅಂತ ಬರುತ್ತದೆ. ಇನ್ನೊಂದು ಕಡೆ ನಾಯಕನ ‘ಬಾರ್ಮಿ’ ತೀರ್ಮಾನ ಅಂತಿದೆ. ಕನ್ನಡದಲ್ಲಿ ಏನನ್ನಬಹುದು? ನಾಳೆ ಬೆಳಗ್ಗೆ ಪುಟ ಕಟ್ಟುತ್ತಾರೆ, ದಯವಿಟ್ಟು ಬೇಗ ತಿಳಿಸಿ.

ನಿಮಗೆ ಅರ್ಜೆಂಟ್ ಇದೆ, ಹಾಗಾಗಿ ಮೊದಲು ಉತ್ತರ. ಗುಂಪಿನ ಹೆಸರನ್ನು ‘ಬಾರ್ಮಿ ಆರ್ಮಿ’ ಅಂತಲೇ ಬಿಡಿ. ಮೊದಲ ಸಲ ಬಂದಾಗ ಮಾತ್ರ ‘ಇಂಗ್ಲೆಂಡಿನ ಕ್ರಿಕೆಟ್ ಹುಚ್ಚರ ದಂಡು’ ಅಂತ ಜೊತೆಗೆ ಸೇರಿಸಿ. ನಾಯಕನದು ‘ತಿಕ್ಕಲು ತೀರ್ಮಾನ’. ಇಷ್ಟು ಬರೆದರೆ ಓದುಗರಿಗೆ ಎಲ್ಲೂ ತೊಡಕಾಗುವುದಿಲ್ಲ.

ಬೆಳಗ್ಗೆಯಿಂದ ಇಲ್ಲಿ ಬಂದಿರುವ ‘ದಡ್ಡರ ದಂಡು’, ‘ಮೂರ್ಖ ಪಡೆ’, ‘ಮತಿಹೀನ ಸೇನೆ’ ಮೂರೂ ಬೇಡ. ಪ್ರಾಸ ಚೆನ್ನಾಗಿದೆ ಅಂತ ಅರ್ಥ ಕೆಡಿಸಬಾರದು. ದಡ್ಡ, ಪೆದ್ದ, ಮಂಕ, ಬೆಪ್ಪ ಅಂದರೆ ಬುದ್ಧಿ ಸಾಲದವನು. ಬಾರ್ಮಿ ಹಾಗಲ್ಲ. ಜನವರಿ ಚಳಿಯಲ್ಲಿ ಸಮುದ್ರಕ್ಕೆ ಇಳಿಯುತ್ತೇನೆ ಅಂತ ಹೊರಟ ಗೆಳೆಯನನ್ನು ಇಂಗ್ಲೆಂಡಿನವರು ಬಾರ್ಮಿ ಅನ್ನುತ್ತಾರೆ. ಅವನು ಬೇರೆಲ್ಲದರಲ್ಲೂ ಜಾಣನೇ ಇರಬಹುದು. ಅಲ್ಲಿ ನಾವು ‘ನಿನಗೇನು ತಲೆ ಕೆಟ್ಟಿದ್ಯಾ?’ ಅಂತ ಕೇಳುತ್ತೇವೆ, ‘ನೀನು ದಡ್ಡ’ ಅನ್ನುವುದಿಲ್ಲ. ಬೈಗುಳಕ್ಕಿಂತ ಸಲಿಗೆಯೇ ಜಾಸ್ತಿ ಇರುವ ಮಾತು ಅದು. ‘ಮತಿಹೀನ’ ಅಂದರೆ ಆ ಸಲಿಗೆ ಪೂರ್ತಿ ಸತ್ತುಹೋಗುತ್ತದೆ.

ಆ ಗುಂಪಿಗೆ ಹೆಸರು ಬಿದ್ದ ಸಂದರ್ಭವನ್ನೇ ನೋಡಿ. 1994-95ರ ಆಷಸ್ ಸರಣಿ, ಆಸ್ಟ್ರೇಲಿಯಾದಲ್ಲಿ. ಇಂಗ್ಲೆಂಡ್ 3-1ರಿಂದ ಸೋತಿತು. ತಂಡ ಸೋಲುತ್ತಿದ್ದರೂ ಅಷ್ಟು ದೂರದಿಂದ ಬಂದಿದ್ದ ಅಭಿಮಾನಿಗಳು ಬಿಸಿಲಲ್ಲಿ ನಿಂತು ಹಾಡುತ್ತಲೇ ಇದ್ದರು. ಇದೆಂಥ ಜನ ಅಂತ ಆಸ್ಟ್ರೇಲಿಯಾದ ಪತ್ರಿಕೆಗಳು ಈ ಹೆಸರಿಟ್ಟವು. ಅವರು ಅದನ್ನೇ ಹೆಮ್ಮೆಯಿಂದ ಹೊತ್ತುಕೊಂಡರು. ‘ದಡ್ಡರು’ ಅಂದಿದ್ದರೆ ಯಾರು ತಾನೇ ಟೀ ಶರ್ಟಿನ ಮೇಲೆ ಹಾಕಿಸಿಕೊಳ್ಳುತ್ತಾರೆ?

> ‘ಬಾರ್ಮಿ’ ಬಂದಿದ್ದು ಕೆಂಟ್‌ನ ಬಾರ್ಮಿಂಗ್ ಊರಿನ ಹುಚ್ಚಾಸ್ಪತ್ರೆಯಿಂದ. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ತಪ್ಪು. ಆ ಆಸ್ಪತ್ರೆ ಶುರುವಾಗಿದ್ದು 1833ರಲ್ಲಿ. ಮೈ ತುಂಬ ಹುರುಪು ಹತ್ತಿದವನು ಅನ್ನುವ ಅರ್ಥದಲ್ಲಿ ಬಾರ್ಮಿ 1600ರ ಆಸುಪಾಸಿನಲ್ಲೇ ಬಳಕೆಯಲ್ಲಿತ್ತು. ಸ್ಕಾಟ್ ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಅಚ್ಚಾದ ಪದ್ಯದಲ್ಲಿ ಕವಿತೆ ಉಕ್ಕುತ್ತಿರುವ ತನ್ನ ತಲೆಯನ್ನೇ ಬಾರ್ಮಿ ಅಂದಿದ್ದಾನೆ. ಲಂಡನ್ನಿನ ಬೆತ್ಲೆಹೆಮ್ ಆಸ್ಪತ್ರೆಯಿಂದ ‘ಬೆಡ್ಲಮ್’ ಹುಟ್ಟಿದ್ದು ನಿಜ. ಅದನ್ನು ನೋಡಿ ಇದಕ್ಕೂ ಯಾರೋ ಒಂದು ಆಸ್ಪತ್ರೆ ಹುಡುಕಿ ಅಂಟಿಸಿದ್ದಾರೆ. ಊರಿನ ಹೆಸರು ಹೊಂದುತ್ತದೆ ಅಂದ ಮಾತ್ರಕ್ಕೆ ಪದದ ಬೇರು ಸಿಕ್ಕಂತಲ್ಲ.

ಬೇರು ಇರುವುದು ‘ಬಾರ್ಮ್’ನಲ್ಲಿ. ಹಳೆಯ ಇಂಗ್ಲಿಷಿನದೇ ಪದ. ಬೀರು ಹುದುಗು ಬರುವಾಗ ಮೇಲೆ ದಪ್ಪಗೆ ನೊರೆ ಕಟ್ಟುತ್ತದಲ್ಲ, ಅದು ಬಾರ್ಮ್. ಆ ನೊರೆಯಲ್ಲಿ ಜೀವಂತ ಈಸ್ಟ್ ಇರುತ್ತದೆ. ಅದನ್ನು ಮೇಲಿಂದ ತೆಗೆದು ಮುಂದಿನ ಬೀರಿಗೆ ಹಾಕುತ್ತಿದ್ದರು, ಬ್ರೆಡ್ಡಿನ ಹಿಟ್ಟಿಗೂ ಕಲೆಸುತ್ತಿದ್ದರು. ಲ್ಯಾಂಕಶೈರ್ ಕಡೆ ದುಂಡನೆ ಬನ್ನಿಗೆ ಇವತ್ತಿಗೂ ‘ಬಾರ್ಮ್’ ಅನ್ನುತ್ತಾರೆ. ನಮ್ಮ ಮಂಗಳೂರಿನಲ್ಲಿ ಸನ್ನಕ್ಕೆ ಕಳ್ಳು ಬೆರೆಸಿ ಹಿಟ್ಟು ಉಬ್ಬಿಸುವುದು ಇದೇ ಕೆಲಸ. ಪಾತ್ರೆಯಲ್ಲಿ ಮುಕ್ಕಾಲು ಇದ್ದ ಹಿಟ್ಟು ಬೆಳಗಾಗುವಷ್ಟರಲ್ಲಿ ಗುಳ್ಳೆ ಎದ್ದು ಮುಚ್ಚಳ ತಳ್ಳುತ್ತದೆ. ಬಾರ್ಮಿ ತಲೆ ಅಂದರೆ ಅದು. ಒಳಗೇನೂ ಇಲ್ಲದ ತಲೆ ಅಲ್ಲ, ನೊರೆ ಉಕ್ಕಿದ ತಲೆ.

ಹಾಗಾದರೆ ಪೆದ್ದುತನದ ಅರ್ಥ ಎಲ್ಲಿಂದ ಬಂತು? ಅಲ್ಲಿ ‘ಬಾಮಿ’ ಅನ್ನುವ ಇನ್ನೊಂದು ಪದ ಇದೆ. ಹಿತವಾದ ಗಾಳಿಗೆ ಹೇಳುವುದು. ಲಂಡನ್ನಿನ ಆಡುಮಾತಿನಲ್ಲಿ ಅದಕ್ಕೆ ತಲೆ ಸರಿಯಿಲ್ಲದವನು ಅಂತಲೂ ಅರ್ಥವಿತ್ತು. ದಕ್ಷಿಣ ಇಂಗ್ಲೆಂಡಿನವರು ‘ರ್’ ನುಂಗುವುದರಿಂದ ಕಿವಿಗೆ ಎರಡೂ ಒಂದೇ. 19ನೇ ಶತಮಾನದಲ್ಲಿ ಅರ್ಥಗಳೂ ಬೆರೆತುಹೋದವು. ಆದರೂ ಆ ನೊರೆ ಪೂರ್ತಿ ಇಳಿದಿಲ್ಲ.

> ಹೆಸರನ್ನು ಹಾಗೇ ಬಿಡುವುದು ಗುಲಾಮಗಿರಿ. ‘ದಂಡು’ ಕೂಡ ಸಂಸ್ಕೃತ, ಅದನ್ನೂ ತೆಗೆಯಿರಿ. ‘ಮರುಳರ ಪಡೆ’ ಅನ್ನಿ.

‘ಮರುಳು’ ನನಗೂ ಇಷ್ಟ. ತುಳುವಿನಲ್ಲಿ ‘ಮರ್ಲ್’ ಇನ್ನೂ ದಿನಬಳಕೆಯಲ್ಲಿದೆ. ‘ಜನಮರುಳೋ ಜಾತ್ರೆಮರುಳೋ’ ಅನ್ನುವ ಗಾದೆ ಈ ಗುಂಪಿಗೆ ಹೇಳಿ ಮಾಡಿಸಿದಂತಿದೆ, ಲೇಖನದ ತಲೆಬರಹಕ್ಕೆ ಬೇಕಾದರೆ ತೆಗೆದುಕೊಳ್ಳಿ. ಆದರೆ ‘ದಂಡು’ ಯಾಕೆ ತೆಗೆಯಬೇಕು? ಸಂಸ್ಕೃತದ ‘ದಂಡ’ ನಮ್ಮ ಬಾಯಲ್ಲಿ ಸವೆದು ದಂಡು ಆಗಿದೆ. ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣದ ಬೋರ್ಡಿನಲ್ಲಿ ಕನ್ನಡದಲ್ಲಿ ‘ದಂಡು’ ಅಂತಲೇ ಇದೆ. ಹಳ್ಳಿಯಲ್ಲಿ ಮಕ್ಕಳ ದಂಡು, ಮದುವೆಗೆ ನೆಂಟರ ದಂಡು ಬರುತ್ತದೆ. ಅದನ್ನು ಹೊರಗಿನದು ಅನ್ನುವವರು ಕನ್ನಡ ಮಾತಾಡುವವರನ್ನು ಕೇಳಿಸಿಕೊಂಡಿಲ್ಲ ಅಷ್ಟೇ. ಬಾರ್ಮಿ ಆರ್ಮಿಯಲ್ಲೂ ಬಾರ್ಮ್ ಇಂಗ್ಲಿಷಿನ ಸ್ವಂತದ್ದು, ಆರ್ಮಿ ಫ್ರೆಂಚಿನಿಂದ ತಂದದ್ದು. ಯಾವ ಇಂಗ್ಲಿಷಿನವನೂ ಅದನ್ನು ಒಡೆದು ಅರ್ಧ ಬಿಸಾಕಲಿಲ್ಲ.

ಎರವಲಿನ ವಿಷಯದಲ್ಲಿ ನನ್ನ ನಿಲುವು ನೇರ. ಹೆಸರು ಹೆಸರೇ, ಅದನ್ನು ಮುಟ್ಟಬಾರದು. ಆಟದ ಪದ ಆಟಗಾರರ ಬಾಯಲ್ಲಿ ನಿಂತಿದ್ದರೆ ಅದನ್ನೂ ಮುಟ್ಟಬಾರದು. ಬ್ಯಾಟಿನ ಮೂತಿಗೇ ಹೋಗಿ ನಿಲ್ಲುವ ಜಾಗಕ್ಕೆ ‘ಸಿಲ್ಲಿ ಪಾಯಿಂಟ್’ ಅನ್ನುತ್ತೇವೆ, ‘ಪೆದ್ದ ಪಾಯಿಂಟ್’ ಅಂತ ಯಾವ ವೀಕ್ಷಕ ವಿವರಣೆಕಾರರೂ ಹೇಳುವುದಿಲ್ಲ. ಆದರೆ ‘ಬಾರ್ಮಿ ತೀರ್ಮಾನ’ ಅಂತ ಕನ್ನಡದಲ್ಲಿ ಬರೆದರೆ ಅದು ಸುಮ್ನೆ ಸೋಮಾರಿತನ. ತಿಕ್ಕಲು, ಹುಚ್ಚಾಟ, ಮರುಳು, ಶಿರಸಿ ಕಡೆಯ ಮಳ್ಳು, ಧಾರವಾಡದ ಕಡೆಯ ಹುಚ್ಚಪ್ಯಾಲಿ, ಇಷ್ಟೆಲ್ಲ ನಮ್ಮಲ್ಲಿರುವಾಗ ಆ ಗುಣಪದ ಯಾಕೆ ಬೇಕು? ಇಲ್ಲಿ ಶುದ್ಧವಾದಿಗಳ ಜೊತೆ ನಾನೂ ಇದ್ದೇನೆ.

ಕೇಳಿದವರಿಗೆ ಇನ್ನೊಂದು ಮಾತು. ನಾಯಕನ ತೀರ್ಮಾನ ಯಾವುದು? ಟಾಸ್ ಗೆದ್ದು ಬೌಲಿಂಗ್ ಆರಿಸಿಕೊಂಡಿದ್ದೋ, ಅವಸರದಲ್ಲಿ ಡಿಕ್ಲೇರ್ ಮಾಡಿದ್ದೋ? ಸಾಹಸದ ಛಾಯೆ ಇದ್ದರೆ ‘ತಿಕ್ಕಲು’ ಇರಲಿ. ಬರೀ ಬೈದಿದ್ದರೆ ‘ತಲೆಕೆಟ್ಟ ತೀರ್ಮಾನ’ ಸರಿ. ಆ ಸಾಲು ಪೂರ್ತಿ ಕಳಿಸಿ, ರಾತ್ರಿಯೇ ನೋಡಿ ಹೇಳುತ್ತೇನೆ.