ಬ್ರೈನ್ ಟ್ರೈನಿಂಗ್ ಸ್ಟಡಿಗೆ ಅಮ್ಮ ಸೇರಬಹುದಾ? ಅನುಭವ ಇರೋರು ಹೇಳಿ

ನಾವಿರೋದು ಫ್ಲಾರಿಡಾದ ಟ್ಯಾಂಪಾದಲ್ಲಿ, ಅಮ್ಮನಿಗೆ 68, ಗಟ್ಟಿಯಾಗಿದಾರೆ. ಅಜ್ಜಿಗೆ ಮರೆವು ಶುರುವಾದಾಗ ಅರವತ್ತಕ್ಕೆ ಅರಳು ಮರಳು ಅಂತ ಎಲ್ಲರೂ ಸುಮ್ಮನಿದ್ವಿ, ಕೊನೆಗೆ ಅಮ್ಮನ್ನೇ ಯಾರು ನೀನು ಅಂತ ಕೇಳ್ತಿದ್ರು, ಆ ಭಯ ಅಮ್ಮನಿಗೆ ಇನ್ನೂ ಹೋಗಿಲ್ಲ. ಡಿಮೆನ್ಶಿಯಾ (ಮರೆವಿನ ಕಾಯಿಲೆ) ತಡೆಯೋ ರಿಸರ್ಚ್‌ಗೆ ವಾಲಂಟಿಯರ್ ಆಗ್ತೀನಿ ಅಂತಿದಾರೆ. ನಿಮ್ಮನೇಲಿ ಯಾರಾದ್ರೂ ಹೋಗಿದಾರಾ?

— ನಮ್ಮತ್ತೆ ಯೂನಿವರ್ಸಿಟಿ ಆಫ್ ಸೌತ್ ಫ್ಲಾರಿಡಾದ ಪ್ಯಾಕ್ಟ್ (PACT) ಅನ್ನೋ ಬ್ರೈನ್ ಟ್ರೈನಿಂಗ್ ಸ್ಟಡಿಗೆ ಸೇರಿದ್ರು. ಸೇರೋಕೆ ವಯಸ್ಸು 65 ಆಗಿರಬೇಕಿತ್ತು, ಡಿಮೆನ್ಶಿಯಾ ಇರಬಾರದಿತ್ತು, ಈಗಲೂ ಹೊಸಬರನ್ನ ತಗೋತಿದಾರಾ ಅಂತ ಮೊದಲು ಫೋನ್ ಮಾಡಿ ಕೇಳಿ. ಮಾತ್ರೆಗೀತ್ರೆ ಏನಿಲ್ಲ, ಕಂಪ್ಯೂಟರ್ ಮುಂದೆ ಕೂತು ಮಾಡೋ ಅಭ್ಯಾಸ ಅಷ್ಟೇ. ಮೊದಲ ದಿನ ನೆನಪಿನ ಟೆಸ್ಟ್ ಇರುತ್ತೆ, ಅದರ ಹಿಂದಿನ ರಾತ್ರಿ ಅತ್ತೆ ನಿದ್ದೇನೇ ಮಾಡಲಿಲ್ಲ, ಫೇಲಾದ್ರೆ ನಂಗೂ ಬಂದಿದೆ ಅಂತ ತಾನೇ ಅಂತ ಅಳು, ಹಾಗಾಗಿ ಅಮ್ಮನ ಜೊತೆ ಮೊದಲೇ ಕೂತು ಮಾತಾಡಿ, ಇದು ಪರೀಕ್ಷೆ ಅಲ್ಲ ಅಂತ ಧೈರ್ಯ ಹೇಳಿ. ಇನ್ನೊಂದು, ಯಾವ ಗುಂಪಿಗೆ ಬೀಳ್ತೀವಿ ಅನ್ನೋದು ಚೀಟಿ ಎತ್ತಿದ ಹಾಗೆ, ಒಬ್ಬರಿಗೆ ಟ್ರೈನಿಂಗ್, ಇನ್ನೊಬ್ಬರಿಗೆ ಮಾಮೂಲಿ ಕಂಪ್ಯೂಟರ್ ಗೇಮ್. ಎರಡೂ ಗುಂಪು ಇದ್ರೇನೇ ಉಪಯೋಗ ಇದೆಯೋ ಇಲ್ವೋ ಗೊತ್ತಾಗೋದು. ಒಪ್ಪಿಗೆ ಪತ್ರನ ಕನ್ನಡದಲ್ಲಿ ಬಿಡಿಸಿ ಹೇಳಿ ಆಮೇಲೆ ಸೈನ್ ಮಾಡಿಸಿ. ಬೇಡ ಅನಿಸಿದ್ರೆ ಯಾವಾಗ ಬೇಕಾದ್ರೂ ಬಿಡಬಹುದು, ಆದ್ರೆ ತುಂಬಾ ಜನ ಅರ್ಧಕ್ಕೆ ಬಿಟ್ರೆ ಸ್ಟಡಿನೇ ಸೊರಗುತ್ತೆ, ಆದಷ್ಟೂ ಪೂರ್ತಿ ಮಾಡ್ಲಿ.

— ಇದಕ್ಕೆ ಮುಂಚೆ ಆಕ್ಟಿವ್ ಅಂತ ದೊಡ್ಡ ಟ್ರಯಲ್ ಆಗಿತ್ತು, 2,800ಕ್ಕೂ ಹೆಚ್ಚು ಹಿರಿಯರು. ಅದರಲ್ಲಿ ಒಂದು ಅಭ್ಯಾಸ ಹೀಗಿತ್ತು: ಕಂಪ್ಯೂಟರ್ ಪರದೆ ಮಧ್ಯೆ ಕಾರೋ ಟ್ರಕ್ಕೋ ಮಿಂಚಿ ಮಾಯ ಆಗುತ್ತೆ, ಅದೇ ಹೊತ್ತಿಗೆ ಅಂಚಲ್ಲಿ ಇನ್ನೊಂದು ಕಾರು, ಎರಡನ್ನೂ ಗುರುತಿಸಬೇಕು, ಸರಿ ಹೇಳ್ತಾ ಹೋದ ಹಾಗೆ ಇನ್ನೂ ಬೇಗ ಮಾಯ. ಈ ವೇಗದ ಅಭ್ಯಾಸ ಮಾಡಿದೋರಲ್ಲಿ 10 ವರ್ಷದಲ್ಲಿ ಡಿಮೆನ್ಶಿಯಾ ಅಪಾಯ 29% ಕಮ್ಮಿ ಇತ್ತು ಅಂತ 2017ರಲ್ಲಿ ಬಂತು. ಬರೀ ನೆನಪಿನ ಶಕ್ತಿಯ ಟ್ರೈನಿಂಗ್ ತಗೊಂಡೋರಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅದನ್ನ ಇನ್ನೂ ಹೆಚ್ಚು ಜನರಲ್ಲಿ ಪರೀಕ್ಷೆ ಮಾಡೋಕೇ ಪ್ಯಾಕ್ಟ್. ಚಿಕಿತ್ಸೆ ಅಂದ್ಕೊಂಡು ಮಾತ್ರ ಕಳಿಸಬೇಡಿ ಅಕ್ಕ.

— ಊರಲ್ಲಿ ಇರೋರಿಗೆ: ನಮ್ಮ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದೋರು ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದೋರನ್ನ ವರ್ಷಗಟ್ಟಲೆ ಫಾಲೋ ಮಾಡ್ತಿದಾರೆ. ಅದು ಟ್ರೈನಿಂಗ್ ಅಲ್ಲ, ವಯಸ್ಸಾಗ್ತಾ ಮೆದುಳು ಹೇಗೆ ಬದಲಾಗುತ್ತೆ ಅಂತ ನೋಡೋದು. ನಮ್ಮ ಜನರ ಲೆಕ್ಕವೂ ಬೇಕಲ್ವಾ.

— ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಗೇಮ್ ಗುಂಪಿಗೆ ಬಿದ್ರೂ ಪರವಾಗಿಲ್ಲ, ನಿನ್ನ ಮಗಳ ಕಾಲಕ್ಕಾದ್ರೂ ಗೊತ್ತಾಗ್ಲಿ ಅಂದ್ರು. ಸೋಮವಾರ ಫೋನ್ ಮಾಡ್ತೀವಿ.